ಬಾಡಿಗೆ ಮನೆಯಿಂದ ಸ್ವಂತ ಮನೆಗೆ: ಸಾರ್ವಜನಿಕ ವಸತಿ ನೀತಿ ಹಾಗೂ ಬಾಡಿಗೆದಾರರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ಅನ್ನ ಮತ್ತು ವಸ್ತ್ರಗಳಂತೆಯೇ ವಸತಿಯೂ ಮನುಷ್ಯನ ಮೂಲಭೂತ ಅವಶ್ಯಕತೆಯಾಗಿರುತ್ತದೆ. 2011ರ ಜನಗಣತಿಯ ಪ್ರಕಾರ ಭಾರತದ ನಗರ ಪ್ರದೇಶಗಳಲ್ಲಿನ ಕುಟುಂಬಗಳ ಪೈಕಿ ಶೇ. 69.2ರಷ್ಟು ಕುಟುಂಬಗಳು ಸ್ವಂತ ಮನೆಗಳಲ್ಲಿಯೂ, ಶೇ. 27.5ರಷ್ಟು ಕುಟುಂಬಗಳು ಬಾಡಿಗೆ ಮನೆಗಳಲ್ಲಿಯೂ ವಾಸವಾಗಿದ್ದವು. ಅಂದರೆ ನಗರವಾಸಿಗಳಲ್ಲಿ ಪ್ರತಿ ನಾಲ್ಕು ಕುಟುಂಬಗಳಲ್ಲಿ ಒಂದಕ್ಕಿಂತ ಹೆಚ್ಚು ಕುಟುಂಬಗಳು ಬಾಡಿಗೆಯನ್ನು ಅವಲಂಬಿಸಿದ್ದವು. ಇಂತಹ ಕುಟುಂಬಗಳಲ್ಲಿ ಸ್ವಂತ ಮನೆ ಹೊಂದಲು ಬಯಸುವವರಿಗೆ ನೆರವಾಗುವುದು ಸಾರ್ವಜನಿಕ ವಸತಿ ನೀತಿಯ ಮುಖ್ಯ ಉದ್ದೇಶಗಳಲ್ಲಿ ಒಂದಾಗಿದೆ.

ಬಾಡಿಗೆದಾರರು ಮನೆಯ ಮಾಲೀಕರಾಗುವುದು ಒಂದೇ ದಿನದಲ್ಲಿ ಆಗುವ ಕಾರ್ಯವಲ್ಲ. ಮುಂಗಡ ಹಣ ಹೊಂದಿಸುವುದು, ಮಾಸಿಕ ಕಂತು ಕಟ್ಟುವುದು ಹಾಗೂ ಹಕ್ಕಿನ ದಾಖಲೆ ಪಡೆಯುವುದು ಎಂಬ ಮೂರು ಹಂತಗಳನ್ನು ದಾಟಬೇಕಾಗುತ್ತದೆ. ಮೊದಲ ಎರಡು ಹಂತಗಳ ಬಗ್ಗೆ ಹೆಚ್ಚಿನವರು ಯೋಚಿಸುತ್ತಾರೆ. ಮೂರನೆಯದನ್ನು ಬಹಳಷ್ಟು ಕುಟುಂಬಗಳು ಮುಂದೂಡುತ್ತವೆ. ಹಣ ಪೂರ್ತಿ ಪಾವತಿಸಿ, ಹತ್ತಾರು ವರ್ಷ ಅದೇ ಮನೆಯಲ್ಲಿ ವಾಸವಿದ್ದರೂ ಕ್ರಯಪತ್ರವಿಲ್ಲದಿದ್ದಲ್ಲಿ ಕಾನೂನಿನ ದೃಷ್ಟಿಯಲ್ಲಿ ಮಾಲೀಕತ್ವ ದೊರೆಯುವುದಿಲ್ಲ. ಈ ವಿಷಯವನ್ನು ಸಾರ್ವಜನಿಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶವಾಗಿದೆ.

2. ನೀತಿಯ ಹಿನ್ನೆಲೆ

ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ಸರ್ಕಾರದ ವಸತಿ ಕಾರ್ಯಕ್ರಮಗಳು ಮುಖ್ಯವಾಗಿ ಬಾಡಿಗೆ ಮನೆಗಳನ್ನು ಕಟ್ಟುವ ಕಾರ್ಯಕ್ರಮಗಳಾಗಿದ್ದವು. ಕೇಂದ್ರ ಸರ್ಕಾರವು 1952ರಲ್ಲಿ ಕೈಗಾರಿಕಾ ಕಾರ್ಮಿಕರಿಗಾಗಿ ಸಹಾಯಧನದ ವಸತಿ ಯೋಜನೆಯನ್ನು ಜಾರಿಗೆ ತಂದಿತು. 1954ರಲ್ಲಿ ಬಂದ ಕಡಿಮೆ ಆದಾಯ ವರ್ಗದ ವಸತಿ ಯೋಜನೆಯು ಸ್ವಂತ ಮನೆ ಕಟ್ಟಿಕೊಳ್ಳುವವರಿಗೆ ಸಾಲ ನೀಡುವ ಮಾರ್ಗವನ್ನು ತೆರೆಯಿತು. ಬಾಡಿಗೆಗೆ ನೀಡುವುದು ಹಾಗೂ ಒಡೆತನಕ್ಕೆ ನೆರವಾಗುವುದು ಎಂಬ ಎರಡು ಮಾರ್ಗಗಳು ಅಂದಿನಿಂದಲೂ ಜೊತೆಜೊತೆಯಾಗಿ ನಡೆದುಬಂದಿವೆ.

ಸರ್ಕಾರವೇ ಬಾಡಿಗೆ ಮನೆಗಳ ಮಾಲೀಕನಾದಾಗ ಕೆಲವು ತೊಂದರೆಗಳು ಸಹಜವಾಗಿ ಎದುರಾಗುತ್ತವೆ. ಬಾಡಿಗೆ ಕಡಿಮೆಯಿದ್ದಲ್ಲಿ ದುರಸ್ತಿಯ ವೆಚ್ಚ ಭರ್ತಿಯಾಗುವುದಿಲ್ಲ. ಬಾಡಿಗೆ ಏರಿಸಿದಲ್ಲಿ ಬಡ ಕುಟುಂಬಗಳು ಅದನ್ನು ಭರಿಸಲಾರವು. ಮನೆ ತಮ್ಮದಲ್ಲವೆಂಬ ಕಾರಣದಿಂದ ವಾಸವಿರುವವರೂ ದುರಸ್ತಿಗೆ ಹಣ ವ್ಯಯಿಸಲು ಹಿಂಜರಿಯುತ್ತಾರೆ. ಜೊತೆಗೆ, ಒಮ್ಮೆ ಕಟ್ಟಿದ ಮನೆಯಲ್ಲಿ ತೊಡಗಿಸಿದ ಹಣವು ಅಲ್ಲಿಯೇ ಉಳಿಯುವುದರಿಂದ ಹೊಸ ಮನೆಗಳನ್ನು ಕಟ್ಟಲು ಬಂಡವಾಳ ದೊರೆಯುವುದಿಲ್ಲ. ಕಂತುಗಳ ಮೂಲಕ ಮನೆಯನ್ನು ಮಾರಾಟ ಮಾಡಿದಲ್ಲಿ ಆ ಹಣ ಮರಳಿ ಬಂದು ಮತ್ತೊಂದು ಬಡಾವಣೆಗೆ ಒದಗುತ್ತದೆ.

ಕರ್ನಾಟಕದಲ್ಲಿ ಕರ್ನಾಟಕ ಗೃಹ ಮಂಡಳಿ ಕಾಯ್ದೆ, 1962ರ ಅನ್ವಯ ಗೃಹ ಮಂಡಳಿಯೂ, 1976ರ ಕಾಯ್ದೆಯ ಅನ್ವಯ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ರಚನೆಯಾದವು. ಕೊಳಚೆ ಪ್ರದೇಶಗಳ ನಿವಾಸಿಗಳಿಗಾಗಿ 1973ರ ಕಾಯ್ದೆಯಡಿ ಪ್ರತ್ಯೇಕ ಮಂಡಳಿಯನ್ನು ರಚಿಸಲಾಯಿತು. ಬಡ ಕುಟುಂಬಗಳ ಸ್ವಂತ ಸೂರಿಗಾಗಿ 1991-92ರಲ್ಲಿ ಆಶ್ರಯ ಯೋಜನೆ ಆರಂಭವಾಯಿತು. ವಸತಿ ಯೋಜನೆಗಳ ಅನುಷ್ಠಾನಕ್ಕಾಗಿ 2000ನೇ ಇಸವಿಯಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವನ್ನು ಸ್ಥಾಪಿಸಲಾಯಿತು. ಮನೆ ಸಾಲದ ವ್ಯವಸ್ಥೆಯನ್ನು ಬಲಪಡಿಸಲು ಕೇಂದ್ರ ಸರ್ಕಾರವು 1970ರಲ್ಲಿ ಹುಡ್ಕೋ ಸಂಸ್ಥೆಯನ್ನೂ, 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕನ್ನೂ ಸ್ಥಾಪಿಸಿತು.

3. ಇತರ ದೇಶಗಳ ಅನುಭವ

ಬಾಡಿಗೆದಾರರನ್ನು ಮಾಲೀಕರನ್ನಾಗಿಸುವ ನೀತಿಯನ್ನು ಬೇರೆ ದೇಶಗಳೂ ಅನುಸರಿಸಿವೆ. ಅವುಗಳಲ್ಲಿ ಎರಡು ದೇಶಗಳ ಅನುಭವ ಗಮನಾರ್ಹವಾಗಿದೆ.

ಸಿಂಗಪುರದಲ್ಲಿ 1960ರಲ್ಲಿ ಸ್ಥಾಪನೆಯಾದ ವಸತಿ ಮತ್ತು ಅಭಿವೃದ್ಧಿ ಮಂಡಳಿಯು ಮೊದಲು ಬಾಡಿಗೆ ಮನೆಗಳನ್ನೇ ಕಟ್ಟಿತು. 1964ರಲ್ಲಿ ಅಲ್ಲಿ ಮನೆಗಳನ್ನು ಜನರಿಗೆ ಮಾರಾಟ ಮಾಡುವ ಯೋಜನೆ ಜಾರಿಗೆ ಬಂದಿತು. 1968ರಲ್ಲಿ, ನೌಕರರು ತಮ್ಮ ಭವಿಷ್ಯ ನಿಧಿಯ ಹಣವನ್ನು ಮುಂಗಡಕ್ಕೂ ಮಾಸಿಕ ಕಂತಿಗೂ ಬಳಸಲು ಅನುಮತಿ ನೀಡಲಾಯಿತು. ಕೈಯಲ್ಲಿ ನಗದು ಇಲ್ಲದಿದ್ದರೂ ಸಂಬಳದಿಂದ ಕಡಿತವಾದ ಉಳಿತಾಯದಿಂದಲೇ ಮನೆ ಕೊಳ್ಳುವಂತಾದುದು ಅಲ್ಲಿನ ಯಶಸ್ಸಿಗೆ ಮುಖ್ಯ ಕಾರಣವಾಯಿತು. ಆದರೆ ಅಲ್ಲಿಯೂ ಮನೆಯ ಹಕ್ಕು 99 ವರ್ಷಗಳ ಗುತ್ತಿಗೆಯ ಹಕ್ಕಾಗಿರುತ್ತದೆ.

ಬ್ರಿಟನ್ನಿನಲ್ಲಿ 1980ರ ವಸತಿ ಕಾಯ್ದೆಯ ಮೂಲಕ, ಸ್ಥಳೀಯ ಸಂಸ್ಥೆಗಳ ಮನೆಗಳಲ್ಲಿದ್ದ ಬಾಡಿಗೆದಾರರಿಗೆ ಅದೇ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕನ್ನು ನೀಡಲಾಯಿತು. ಇಂಗ್ಲೆಂಡಿನಲ್ಲಿ ಸುಮಾರು 20 ಲಕ್ಷ ಮನೆಗಳು ಈ ಮೂಲಕ ಬಾಡಿಗೆದಾರರ ಒಡೆತನಕ್ಕೆ ಬಂದವು. ಆದರೆ ಮಾರಾಟವಾದ ಸಂಖ್ಯೆಯಷ್ಟು ಹೊಸ ಮನೆಗಳನ್ನು ಕಟ್ಟಲಿಲ್ಲವಾದ ಕಾರಣ, ನಂತರ ಬಂದ ಬಡ ಕುಟುಂಬಗಳಿಗೆ ಕಡಿಮೆ ಬಾಡಿಗೆಯ ಮನೆಗಳ ಕೊರತೆಯುಂಟಾಯಿತು. ಸ್ಕಾಟ್ಲೆಂಡ್ 2016ರಲ್ಲಿಯೂ, ವೇಲ್ಸ್ 2019ರಲ್ಲಿಯೂ ಈ ಹಕ್ಕನ್ನು ಕೊನೆಗೊಳಿಸಿದವು.

ಒಡೆತನಕ್ಕೆ ನೆರವು ನೀಡುವುದರ ಜೊತೆಗೆ ಬಾಡಿಗೆ ಮನೆಗಳ ಲಭ್ಯತೆಯನ್ನೂ ಕಾಪಾಡಿಕೊಳ್ಳಬೇಕೆಂಬುದು ಈ ಎರಡು ಅನುಭವಗಳಿಂದ ತಿಳಿದುಬರುತ್ತದೆ.

4. ಮೊದಲನೆಯ ಹಂತ: ಮುಂಗಡ ಹಣ

ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ, 30 ಲಕ್ಷ ರೂ. ವರೆಗಿನ ಗೃಹ ಸಾಲದಲ್ಲಿ ಬ್ಯಾಂಕುಗಳು ಮನೆಯ ಬೆಲೆಯ ಗರಿಷ್ಠ ಶೇ. 90ರಷ್ಟನ್ನು ಮಾತ್ರ ಸಾಲವಾಗಿ ನೀಡಬಹುದು. ಉಳಿದ ಭಾಗವನ್ನು ಕೊಳ್ಳುವವರೇ ಭರಿಸಬೇಕು. ಮುದ್ರಾಂಕ ಶುಲ್ಕ ಹಾಗೂ ನೋಂದಣಿ ಶುಲ್ಕಗಳನ್ನು ಸಾಮಾನ್ಯವಾಗಿ ಸಾಲದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಕರ್ನಾಟಕದಲ್ಲಿ ಮೊದಲ ಬಾರಿಗೆ ಮಾರಾಟವಾಗುವ ಫ್ಲಾಟುಗಳ ಮುದ್ರಾಂಕ ಶುಲ್ಕವನ್ನು 2020ರಲ್ಲಿ, 20 ಲಕ್ಷ ರೂ. ವರೆಗಿನ ಬೆಲೆಯವುಗಳಿಗೆ ಶೇ. 2ಕ್ಕೆ ಇಳಿಸಲಾಯಿತು. ಅದಕ್ಕೆ ಮೇಲ್ಪಟ್ಟು 35 ಲಕ್ಷ ರೂ. ವರೆಗಿನವುಗಳಿಗೆ ಶೇ. 3 ನಿಗದಿಪಡಿಸಿ, 2021ರಲ್ಲಿ ಈ ಮಿತಿಯನ್ನು 45 ಲಕ್ಷ ರೂ. ಗಳಿಗೆ ವಿಸ್ತರಿಸಲಾಯಿತು. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಹೆಚ್ಚಿಸಲಾಯಿತು.

ಉದಾಹರಣೆಗೆ, ಒಂದು ಕುಟುಂಬವು 20 ಲಕ್ಷ ರೂ. ಬೆಲೆಯ ಹೊಸ ಫ್ಲಾಟನ್ನು ಕೊಳ್ಳಲು ಬಯಸಿದೆ ಎಂದು ಭಾವಿಸೋಣ. ಬ್ಯಾಂಕಿನಿಂದ ಗರಿಷ್ಠ 18 ಲಕ್ಷ ರೂ. ಸಾಲ ದೊರೆಯಬಹುದು. ಸ್ವಂತ ಪಾಲು 2 ಲಕ್ಷ ರೂ., ಮುದ್ರಾಂಕ ಶುಲ್ಕ 40,000 ರೂ., ನೋಂದಣಿ ಶುಲ್ಕ 40,000 ರೂ., ಒಟ್ಟು 2.80 ಲಕ್ಷ ರೂ. ನಗದು ಕೈಯಲ್ಲಿರಬೇಕು. ಮುದ್ರಾಂಕ ಶುಲ್ಕದ ಮೇಲಿನ ಉಪಕರ ಮತ್ತು ಅಧಿಭಾರ, ಬ್ಯಾಂಕಿನ ಪರಿಶೀಲನಾ ವೆಚ್ಚ ಹಾಗೂ ಮನೆ ಸಾಗಿಸುವ ಖರ್ಚು ಇದಕ್ಕೆ ಹೊರತಾಗಿರುತ್ತವೆ.

ಈ ಮೊತ್ತವನ್ನು ಹೊಂದಿಸಿಕೊಳ್ಳಲು ಇರುವ ಮಾರ್ಗಗಳಲ್ಲಿ ಭವಿಷ್ಯ ನಿಧಿಯೂ ಒಂದು. ಉದ್ಯೋಗಿಗಳ ಭವಿಷ್ಯ ನಿಧಿಯ ಸದಸ್ಯರು ವಸತಿ ಉದ್ದೇಶಕ್ಕಾಗಿ ನಿಯಮಾನುಸಾರ ಭಾಗಶಃ ಹಣವನ್ನು ಹಿಂಪಡೆಯಬಹುದು.

ಬೆಂಗಳೂರು ಮೊದಲಾದ ನಗರಗಳಲ್ಲಿ ಹಲವು ಕುಟುಂಬಗಳು ಭೋಗ್ಯಕ್ಕೆ ಮನೆ ಪಡೆಯುತ್ತವೆ. ತಿಂಗಳ ಬಾಡಿಗೆಯ ಬದಲು ದೊಡ್ಡ ಮೊತ್ತವನ್ನು ಮಾಲೀಕರಿಗೆ ಕೊಟ್ಟು, ಅವಧಿ ಮುಗಿದ ನಂತರ ಅದನ್ನು ಹಿಂಪಡೆಯುವುದು ಇದರ ಕ್ರಮ. ಮುಂದೆ ಸ್ವಂತ ಮನೆಯ ಮುಂಗಡವಾಗಬೇಕಾದ ಉಳಿತಾಯವೆಲ್ಲ ಹೀಗೆ ಮತ್ತೊಬ್ಬರ ಕೈಯಲ್ಲಿರುತ್ತದೆ. ಮಾಲೀಕರು ಅದೇ ಮನೆಯನ್ನು ಬ್ಯಾಂಕಿಗೆ ಅಡಮಾನ ಮಾಡಿ ಸಾಲ ತೀರಿಸದೆ ಹೋದಲ್ಲಿ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ಹರಾಜು ಮಾಡಬಹುದು. ಆಗ ನೋಂದಣಿಯಾಗದ ಕರಾರು ಹೊಂದಿರುವ ಕುಟುಂಬವು ಮನೆ ಮತ್ತು ಹಣ ಎರಡನ್ನೂ ಕಳೆದುಕೊಳ್ಳುವ ಅಪಾಯವಿರುತ್ತದೆ. ಆದ್ದರಿಂದ ಭೋಗ್ಯಕ್ಕೆ ಹಣ ನೀಡುವ ಮೊದಲು ಋಣಭಾರ ಪತ್ರವನ್ನು ಪರಿಶೀಲಿಸತಕ್ಕದ್ದು. ನೋಂದಣಿ ಕಾಯ್ದೆ, 1908ರ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸುವುದು ಕಡ್ಡಾಯವಾಗಿರುತ್ತದೆ.

5. ಎರಡನೆಯ ಹಂತ: ಮಾಸಿಕ ಕಂತು

ಮೇಲ್ಕಂಡ ಉದಾಹರಣೆಯಲ್ಲಿ ಸಾಲ 18 ಲಕ್ಷ ರೂ., ಅವಧಿ 20 ವರ್ಷ ಹಾಗೂ ಬಡ್ಡಿ ದರ ಲೆಕ್ಕದ ಸಲುವಾಗಿ ಶೇ. 8.5 ಎಂದು ಇಟ್ಟುಕೊಂಡಲ್ಲಿ, ಮಾಸಿಕ ಕಂತು ಸುಮಾರು 15,621 ರೂ. ಆಗುತ್ತದೆ. ಮೊದಲ ತಿಂಗಳ ಕಂತಿನಲ್ಲಿ 12,750 ರೂ. ಬಡ್ಡಿಗೆ ಸಂದಾಯವಾಗಿ, 2,871 ರೂ. ಮಾತ್ರ ಅಸಲಿಗೆ ಜಮೆಯಾಗುತ್ತದೆ. 20 ವರ್ಷಗಳಲ್ಲಿ ಕಟ್ಟುವ ಒಟ್ಟು ಮೊತ್ತ ಸುಮಾರು 37.49 ಲಕ್ಷ ರೂ. ಗಳಾಗುತ್ತದೆ. ಆದ್ದರಿಂದ ಆರಂಭದ ವರ್ಷಗಳಲ್ಲಿ ಅಸಲು ಎಷ್ಟು ತಗ್ಗುತ್ತದೆಯೋ ಕುಟುಂಬಕ್ಕೆ ಅಷ್ಟು ಲಾಭವಾಗುತ್ತದೆ. ಸರ್ಕಾರದ ಬಡ್ಡಿ ಸಹಾಯಧನವು ಈ ತತ್ವವನ್ನೇ ಆಧರಿಸಿದೆ.

2015ರ ಜೂನ್ 25ರಂದು ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಬಡ್ಡಿ ಸಹಾಯಧನದ ಸೌಲಭ್ಯವಿತ್ತು. ಮಧ್ಯಮ ಆದಾಯ ವರ್ಗಕ್ಕೆ ಇದು 2021ರ ಮಾರ್ಚ್ 31ಕ್ಕೂ, ಆರ್ಥಿಕವಾಗಿ ದುರ್ಬಲ ಹಾಗೂ ಕಡಿಮೆ ಆದಾಯ ವರ್ಗಗಳಿಗೆ 2022ರ ಮಾರ್ಚ್ 31ಕ್ಕೂ ಮುಕ್ತಾಯಗೊಂಡಿತು. ಹಳೆಯ ಯೋಜನೆಯ ಹೆಸರಿನಲ್ಲಿ ಹಣ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳನ್ನು ಸಾರ್ವಜನಿಕರು ನಂಬಬಾರದು.

2024ರ ಸೆಪ್ಟೆಂಬರ್ 1ರಿಂದ ಐದು ವರ್ಷಗಳ ಅವಧಿಗೆ ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ 2.0 ಜಾರಿಗೆ ಬಂದಿತು. ಒಂದು ಕೋಟಿ ಕುಟುಂಬಗಳಿಗೆ ನೆರವು ನೀಡುವುದು ಇದರ ಗುರಿಯಾಗಿದೆ. ಯೋಜನೆಯ ನಾಲ್ಕು ಘಟಕಗಳು ಈ ಕೆಳಕಂಡಂತಿವೆ:

ಅ) ಸ್ವಂತ ನಿವೇಶನ ಹೊಂದಿರುವ, ಆರ್ಥಿಕವಾಗಿ ದುರ್ಬಲ ವರ್ಗದ ಕುಟುಂಬಗಳು ಮನೆ ಕಟ್ಟಿಕೊಳ್ಳಲು ನೆರವು. ಕರ್ನಾಟಕದಂತಹ ರಾಜ್ಯಗಳಲ್ಲಿ ಪ್ರತಿ ಮನೆಗೆ ಕೇಂದ್ರದ ಪಾಲು 1.50 ಲಕ್ಷ ರೂ. ಹಾಗೂ ರಾಜ್ಯದ ಪಾಲು ಕನಿಷ್ಠ 1 ಲಕ್ಷ ರೂ. ಆಗಿರುತ್ತದೆ.

ಆ) ಸಾರ್ವಜನಿಕ ಅಥವಾ ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ ಕಟ್ಟುವ ಮನೆಗಳನ್ನು ಇದೇ ವರ್ಗದ ಕುಟುಂಬಗಳು ಕೊಳ್ಳಲು ನೆರವು.

ಇ) ಕೈಗೆಟುಕುವ ಬಾಡಿಗೆ ಮನೆಗಳ ನಿರ್ಮಾಣ.

ಈ) ಗೃಹ ಸಾಲಕ್ಕೆ ಬಡ್ಡಿ ಸಹಾಯಧನ.

ವಾರ್ಷಿಕ ಆದಾಯ 3 ಲಕ್ಷ ರೂ. ವರೆಗಿನ ಕುಟುಂಬಗಳನ್ನು ಆರ್ಥಿಕವಾಗಿ ದುರ್ಬಲ ವರ್ಗವೆಂದೂ, 3ರಿಂದ 6 ಲಕ್ಷ ರೂ. ವರೆಗಿನವರನ್ನು ಕಡಿಮೆ ಆದಾಯ ವರ್ಗವೆಂದೂ, 6ರಿಂದ 9 ಲಕ್ಷ ರೂ. ವರೆಗಿನವರನ್ನು ಮಧ್ಯಮ ಆದಾಯ ವರ್ಗವೆಂದೂ ಪರಿಗಣಿಸಲಾಗುತ್ತದೆ. ಬಡ್ಡಿ ಸಹಾಯಧನಕ್ಕೆ ಈ ಮೂರೂ ವರ್ಗದವರು ಅರ್ಹರಾಗಿರುತ್ತಾರೆ. ಮನೆಯ ಬೆಲೆ 35 ಲಕ್ಷ ರೂ. ಗಳನ್ನೂ, ಸಾಲದ ಮೊತ್ತ 25 ಲಕ್ಷ ರೂ. ಗಳನ್ನೂ ಮೀರಿರಬಾರದು. ಸಾಲದ ಮೊದಲ 8 ಲಕ್ಷ ರೂ. ಗಳಿಗೆ, 12 ವರ್ಷಗಳವರೆಗಿನ ಅವಧಿಗೆ, ಶೇ. 4ರ ದರದಲ್ಲಿ ಸಹಾಯಧನವನ್ನು ಲೆಕ್ಕ ಹಾಕಲಾಗುತ್ತದೆ. ಗರಿಷ್ಠ 1.80 ಲಕ್ಷ ರೂ. ಗಳನ್ನು ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಜಮೆ ಮಾಡಲಾಗುತ್ತದೆ. ಮೇಲ್ಕಂಡ ಉದಾಹರಣೆಯ ಕುಟುಂಬಕ್ಕೆ ಗರಿಷ್ಠ ಸಹಾಯಧನ ದೊರೆತಲ್ಲಿ, ಅದು ಪಡೆದ ಸಾಲದ ಹತ್ತನೇ ಒಂದು ಭಾಗಕ್ಕೆ ಸಮನಾಗುತ್ತದೆ.

ಕುಟುಂಬದ ಯಾವುದೇ ಸದಸ್ಯರು ದೇಶದ ಯಾವುದೇ ಭಾಗದಲ್ಲಿ ಪಕ್ಕಾ ಮನೆ ಹೊಂದಿರಬಾರದು. ಕಳೆದ 20 ವರ್ಷಗಳಲ್ಲಿ ಕೇಂದ್ರ, ರಾಜ್ಯ ಅಥವಾ ಸ್ಥಳೀಯ ಸಂಸ್ಥೆಯ ಯಾವುದೇ ವಸತಿ ಯೋಜನೆಯ ಪ್ರಯೋಜನ ಪಡೆದಿರಬಾರದು. ವಿಧವೆಯರು, ಒಂಟಿ ಮಹಿಳೆಯರು, ವಿಕಲಚೇತನರು, ಹಿರಿಯ ನಾಗರಿಕರು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರು, ಸಫಾಯಿ ಕರ್ಮಚಾರಿಗಳು, ಬೀದಿ ಬದಿ ವ್ಯಾಪಾರಿಗಳು, ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಕಟ್ಟಡ ಕಾರ್ಮಿಕರಿಗೆ ಯೋಜನೆಯಲ್ಲಿ ವಿಶೇಷ ಗಮನ ನೀಡಲಾಗಿದೆ.

ಸಾಲಕ್ಕೆ ಅರ್ಜಿ ಸಲ್ಲಿಸುವ ಮುನ್ನ ಕುಟುಂಬವು ತನ್ನ ಶಕ್ತಿಯನ್ನು ತಾನೇ ಪರೀಕ್ಷಿಸಿಕೊಳ್ಳುವುದು ಸೂಕ್ತ. ಈಗ 10,000 ರೂ. ಬಾಡಿಗೆ ಕಟ್ಟುತ್ತಿರುವ ಕುಟುಂಬಕ್ಕೆ 15,621 ರೂ. ಕಂತು ಬರುವುದಾದಲ್ಲಿ, ವ್ಯತ್ಯಾಸವಾದ 5,621 ರೂ. ಗಳನ್ನು ಒಂದು ವರ್ಷ ಪ್ರತಿ ತಿಂಗಳೂ ತಪ್ಪದೆ ಉಳಿತಾಯ ಖಾತೆಗೆ ಕಟ್ಟಿ ನೋಡಬಹುದು. ಶಾಲಾ ಶುಲ್ಕ, ಹಬ್ಬ, ಆಸ್ಪತ್ರೆ ಖರ್ಚುಗಳ ನಡುವೆಯೂ ಇದು ಸಾಧ್ಯವಾದಲ್ಲಿ ಕಂತು ಕಟ್ಟುವ ಸಾಮರ್ಥ್ಯವಿದೆಯೆಂದು ತಿಳಿಯಬಹುದು. ವರ್ಷದ ಕೊನೆಗೆ ಕೂಡಿದ 67,452 ರೂ. ಮುಂಗಡಕ್ಕೂ ಒದಗುತ್ತದೆ. ಸಾಧ್ಯವಾಗದಿದ್ದಲ್ಲಿ ಕಡಿಮೆ ಬೆಲೆಯ ಮನೆಯನ್ನು ನೋಡುವುದು ಅಥವಾ ಇನ್ನೂ ಕೆಲವು ಕಾಲ ಕಾಯುವುದು ಲೇಸು.

6. ಮೂರನೆಯ ಹಂತ: ಹಕ್ಕಿನ ದಾಖಲೆ

ಸ್ವತ್ತು ಹಸ್ತಾಂತರ ಕಾಯ್ದೆ, 1882ರ ಪ್ರಕಾರ 100 ರೂ. ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯು ನೋಂದಾಯಿತ ಕ್ರಯಪತ್ರದ ಮೂಲಕವೇ ಮಾರಾಟವಾಗಬೇಕು. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಹಣ ಪಾವತಿಯ ರಸೀದಿ, ವಿದ್ಯುತ್ ಬಿಲ್ಲು ಹಾಗೂ ಕಂದಾಯ ರಸೀದಿಗಳು ಉಪಯುಕ್ತ ದಾಖಲೆಗಳೇ ಹೌದು. ಆದರೆ ಇವುಗಳಲ್ಲಿ ಯಾವುದೂ ಕ್ರಯಪತ್ರದ ಸ್ಥಾನವನ್ನು ತುಂಬಲಾರದು. ಖಾತೆಯು ತೆರಿಗೆ ಕಟ್ಟುವ ಹೊಣೆ ಯಾರದೆಂದು ತೋರಿಸುವ ದಾಖಲೆಯಾಗಿದ್ದು, ಅದೊಂದೇ ಮಾಲೀಕತ್ವವನ್ನು ಸ್ಥಾಪಿಸುವುದಿಲ್ಲ.

ಸಾರ್ವಜನಿಕ ವಸತಿ ಸಂಸ್ಥೆಗಳು ಮನೆ ಅಥವಾ ನಿವೇಶನಗಳನ್ನು ಹಂಚುವಾಗ ಗುತ್ತಿಗೆ ಹಾಗೂ ಮಾರಾಟ ಕರಾರು ಪತ್ರವನ್ನು ಮಾಡಿಕೊಡುವ ಕ್ರಮವಿದೆ. ಜನರು ಇದನ್ನು ಲೀಸ್ ಕಂ ಸೇಲ್ ಎಂದು ಕರೆಯುತ್ತಾರೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1984ರ ನಿವೇಶನ ಹಂಚಿಕೆ ನಿಯಮಗಳಲ್ಲಿ ಈ ಕರಾರಿನ ಅವಧಿಯನ್ನು 10 ವರ್ಷಗಳೆಂದು ನಿಗದಿಪಡಿಸಲಾಯಿತು. ಸದರಿ ಅವಧಿಯಲ್ಲಿ ಹಂಚಿಕೆದಾರರು ಪೂರ್ತಿ ಹಣ ಪಾವತಿಸಿದ್ದರೂ ಕಾನೂನಿನ ದೃಷ್ಟಿಯಲ್ಲಿ ಗುತ್ತಿಗೆದಾರರಾಗಿಯೇ ಇರುತ್ತಾರೆ. ನಿಗದಿತ ಕಾಲದೊಳಗೆ ಮನೆ ಕಟ್ಟುವುದು, ನಿವೇಶನವನ್ನು ಪರಭಾರೆ ಮಾಡದಿರುವುದು ಮೊದಲಾದ ಷರತ್ತುಗಳನ್ನು ಪಾಲಿಸಿ ಅವಧಿ ಪೂರೈಸಿದ ಮೇಲೆ ಶುದ್ಧ ಕ್ರಯಪತ್ರವನ್ನು ಪಡೆಯಬೇಕು. ಮನೆ ಕಟ್ಟಲು ಸಾಲ ಬೇಕಾದಲ್ಲಿ, ಪ್ರಾಧಿಕಾರದ ಪೂರ್ವಾನುಮತಿ ಪಡೆದು ನಿಯಮಗಳಲ್ಲಿ ಸೂಚಿಸಿದ ಹಣಕಾಸು ಸಂಸ್ಥೆಗಳಿಗೆ ಅಡಮಾನ ಮಾಡಲು ಅವಕಾಶವಿದೆ.

ಈ ನಿರ್ಬಂಧಕ್ಕೆ ಕಾರಣವೂ ಇದೆ. ಸರ್ಕಾರವು ಮಾರುಕಟ್ಟೆ ದರಕ್ಕಿಂತ ಕಡಿಮೆ ದರದಲ್ಲಿ ಮನೆ ಅಥವಾ ನಿವೇಶನ ನೀಡುವುದು ವಾಸಕ್ಕಾಗಿಯೇ ಹೊರತು ಕೂಡಲೇ ಮಾರಿ ಲಾಭ ಪಡೆಯುವುದಕ್ಕಲ್ಲ. ನಿರ್ಬಂಧವಿಲ್ಲದಿದ್ದಲ್ಲಿ ಹಂಚಿಕೆಯು ವ್ಯಾಪಾರಿಗಳ ಪಾಲಾಗಿ, ಮನೆಯಿಲ್ಲದವರು ಮತ್ತೆ ಬಾಡಿಗೆಯಲ್ಲಿಯೇ ಉಳಿಯಬೇಕಾಗುತ್ತದೆ.

ಅವಧಿ ಮುಗಿದ ನಂತರ ಕ್ರಯಪತ್ರವು ತಾನಾಗಿಯೇ ಮನೆಗೆ ಬರುವುದಿಲ್ಲ. ಹಂಚಿಕೆದಾರರು ಅರ್ಜಿ ಸಲ್ಲಿಸಿ, ಬಾಕಿಗಳಿದ್ದಲ್ಲಿ ತೀರಿಸಿ, ಉಪ ನೋಂದಣಾಧಿಕಾರಿಗಳ ಕಛೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ಹಂಚಿಕೆದಾರರು ಜೀವಂತವಿದ್ದು ಕಾಗದಪತ್ರಗಳು ಕೈಯಲ್ಲಿರುವಾಗ ಈ ಕೆಲಸ ಸುಲಭ. ಅವರು ಕ್ರಯಪತ್ರ ಪಡೆಯದೆ ಮರಣ ಹೊಂದಿದಲ್ಲಿ, ಮರಣ ಪ್ರಮಾಣ ಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಒಪ್ಪಿಗೆ ಇವೆಲ್ಲವನ್ನೂ ಒದಗಿಸಬೇಕಾಗುತ್ತದೆ. ವಾರಸುದಾರರು ಬೇರೆ ಬೇರೆ ಊರುಗಳಲ್ಲಿದ್ದಲ್ಲಿ ಅಥವಾ ಅವರಲ್ಲಿ ಒಮ್ಮತವಿಲ್ಲದಿದ್ದಲ್ಲಿ ವಿಷಯವು ನ್ಯಾಯಾಲಯದ ಮೆಟ್ಟಿಲೇರಬಹುದು. ತಂದೆ ಅಥವಾ ತಾಯಿ ಕಷ್ಟಪಟ್ಟು ಕಂತು ಕಟ್ಟಿದ ಮನೆಯ ಮೇಲೆ ಮಕ್ಕಳು ಸಾಲ ಪಡೆಯಲೂ ಆಗದೆ, ಪಾಲು ಮಾಡಿಕೊಳ್ಳಲೂ ಆಗದೆ ಉಳಿಯುವ ಪರಿಸ್ಥಿತಿ ಬರುತ್ತದೆ.

ಬಾಡಿಗೆ-ಖರೀದಿ ಪದ್ಧತಿಯಲ್ಲಿ ಪಡೆದ ಮನೆಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ಕೊನೆಯ ಕಂತು ತೀರುವವರೆಗೆ ಮನೆಯ ಹಕ್ಕು ಸಂಸ್ಥೆಯಲ್ಲಿಯೇ ಉಳಿದಿರುತ್ತದೆ. ಕಂತು ಮುಗಿದ ಕೂಡಲೇ ಬೇಬಾಕಿ ಪತ್ರ ಪಡೆದು, ಕ್ರಯಪತ್ರಕ್ಕೆ ಅರ್ಜಿ ಸಲ್ಲಿಸತಕ್ಕದ್ದು.

7. ಸಾಮಾನ್ಯವಾಗಿ ಕಂಡುಬರುವ ತಪ್ಪು ಗ್ರಹಿಕೆಗಳು

ಗ್ರಹಿಕೆ: ಹನ್ನೆರಡು ವರ್ಷ ಬಾಡಿಗೆಗಿದ್ದಲ್ಲಿ ಮನೆ ಬಾಡಿಗೆದಾರರದಾಗುತ್ತದೆ.

ವಾಸ್ತವ: ಇದು ಸರಿಯಲ್ಲ. ಬಾಡಿಗೆದಾರರು ಮಾಲೀಕರ ಅನುಮತಿಯಿಂದ ವಾಸವಿರುವವರಾದುದರಿಂದ, ಎಷ್ಟು ವರ್ಷ ಬಾಡಿಗೆ ಕಟ್ಟಿದರೂ ಆ ಕಾರಣದಿಂದಲೇ ಒಡೆತನ ಬರುವುದಿಲ್ಲ. ಗೇಣಿ ಜಮೀನಿನ ವಿಷಯ ಬೇರೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ, ಭೂ ನ್ಯಾಯ ಮಂಡಳಿಯ ಆದೇಶದಂತೆ ಒಡೆತನ ಪಡೆದರು. ಉಳುವವನೇ ಹೊಲದೊಡೆಯ ಎಂಬ ತತ್ವವು ಕೃಷಿ ಜಮೀನಿಗೆ ಸಂಬಂಧಿಸಿದ್ದು, ನಗರದ ಬಾಡಿಗೆ ಮನೆಗಳಿಗೆ ಅನ್ವಯಿಸುವುದಿಲ್ಲ.

ಗ್ರಹಿಕೆ: ಜಿ.ಪಿ.ಎ. ಮಾಡಿಸಿಕೊಂಡಲ್ಲಿ ಸಾಕು, ಕ್ರಯಪತ್ರ ಬೇಕಿಲ್ಲ.

ವಾಸ್ತವ: ಸಾಮಾನ್ಯ ಅಧಿಕಾರ ಪತ್ರ, ಮಾರಾಟದ ಕರಾರು ಹಾಗೂ ಮರಣ ಶಾಸನಗಳ ಮೂಲಕ ನಡೆಸುವ ವ್ಯವಹಾರಗಳು ಸ್ಥಿರಾಸ್ತಿಯ ಹಕ್ಕನ್ನು ವರ್ಗಾಯಿಸುವುದಿಲ್ಲವೆಂದು ಮಾನ್ಯ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಪು ನೀಡಿತು. ಗುತ್ತಿಗೆಯ ಅವಧಿಯಲ್ಲಿರುವ ಹಂಚಿಕೆದಾರರಿಂದ ಈ ರೀತಿ ಕೊಂಡವರಿಗೆ ಹಣವನ್ನೂ ಮನೆಯನ್ನೂ ಕಳೆದುಕೊಳ್ಳುವ ಅಪಾಯವಿರುತ್ತದೆ.

ಗ್ರಹಿಕೆ: ಕಂದಾಯ ನಿವೇಶನ ಅಗ್ಗವಾಗಿ ಸಿಗುತ್ತದೆ, ಮುಂದೆ ಸಕ್ರಮವಾಗುತ್ತದೆ.

ವಾಸ್ತವ: ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರಂತೆ ಕೃಷಿ ಜಮೀನನ್ನು ವಸತಿ ಉದ್ದೇಶಕ್ಕೆ ಬಳಸಲು ಭೂ ಪರಿವರ್ತನೆ ಆಗಿರಬೇಕು. ಪರಿವರ್ತನೆ ಹಾಗೂ ಬಡಾವಣೆ ಅನುಮೋದನೆ ಇಲ್ಲದ ನಿವೇಶನಕ್ಕೆ ಗೃಹ ಸಾಲ, ಕಟ್ಟಡ ಪರವಾನಗಿಗಳು ದೊರೆಯುವುದು ಕಷ್ಟ. ಸಕ್ರಮದ ನಿರೀಕ್ಷೆಯಲ್ಲಿ ಉಳಿತಾಯವನ್ನು ತೊಡಗಿಸಬಾರದು.

ಗ್ರಹಿಕೆ: ಬುಕಿಂಗ್ ಸಮಯದಲ್ಲಿ ಕಟ್ಟಡದಾರರು ಕೇಳಿದಷ್ಟು ಹಣ ಕೊಡಬೇಕು.

ವಾಸ್ತವ: 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ, ಮಾರಾಟದ ಕರಾರನ್ನು ನೋಂದಾಯಿಸುವ ಮೊದಲು ಪ್ರವರ್ತಕರು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣವನ್ನು ಪಡೆಯುವಂತಿಲ್ಲ. ಯೋಜನೆಯು ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

8. ಬಾಡಿಗೆಯಲ್ಲಿಯೇ ಮುಂದುವರಿಯುವವರು

ಎಲ್ಲ ಕುಟುಂಬಗಳಿಗೂ ಎಲ್ಲ ಕಾಲದಲ್ಲಿಯೂ ಸ್ವಂತ ಮನೆಯೇ ಸೂಕ್ತವೆಂದು ಹೇಳಲಾಗದು. ವರ್ಗಾವಣೆಯ ಉದ್ಯೋಗದಲ್ಲಿರುವವರು, ಹೊಸದಾಗಿ ನಗರಕ್ಕೆ ಬಂದ ಕಾರ್ಮಿಕರು ಹಾಗೂ ಅನಿಶ್ಚಿತ ಆದಾಯವುಳ್ಳವರು ಆತುರದಿಂದ ಸಾಲ ಮಾಡಿ, ಕಂತು ತಪ್ಪಿ, ಮನೆ ಹರಾಜಾಗುವುದಕ್ಕಿಂತ ಬಾಡಿಗೆಯಲ್ಲಿರುವುದೇ ಉತ್ತಮ. ಇಂತಹವರಿಗಾಗಿ 2020ರಲ್ಲಿ ಕೇಂದ್ರ ಸರ್ಕಾರವು ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಯನ್ನು ಆರಂಭಿಸಿತು. ನಗರ 2.0 ಯೋಜನೆಯಲ್ಲಿಯೂ ಬಾಡಿಗೆ ಮನೆಗಳಿಗೆ ಪ್ರತ್ಯೇಕ ಘಟಕವಿದೆ. ಮಾಲೀಕರು ಹಾಗೂ ಬಾಡಿಗೆದಾರರ ಹಕ್ಕು ಬಾಧ್ಯತೆಗಳಿಗೆ ಸಂಬಂಧಿಸಿದಂತೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಯಲ್ಲಿದ್ದು, ಇದು 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನದಲ್ಲಿ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ಬಾಡಿಗೆ ಕರಾರನ್ನು ಲಿಖಿತವಾಗಿ ಮಾಡಿಕೊಳ್ಳುವುದು ಹಾಗೂ ಮುಂಗಡ ಮತ್ತು ಬಾಡಿಗೆಯನ್ನು ರಸೀದಿ ಅಥವಾ ಬ್ಯಾಂಕಿನ ಮೂಲಕ ಪಾವತಿಸುವುದು ಮುಂದೆ ಗೃಹ ಸಾಲ ಪಡೆಯುವಾಗಲೂ ಉಪಯೋಗಕ್ಕೆ ಬರುತ್ತದೆ.

9. ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

(1) ಹಣ ನೀಡುವ ಮೊದಲು ಮಾರಾಟಗಾರರ ಮೂಲ ಹಕ್ಕುಪತ್ರಗಳನ್ನು ಹಾಗೂ ಕಾವೇರಿ ತಂತ್ರಾಂಶದ ಮೂಲಕ ದೊರೆಯುವ ಋಣಭಾರ ಪತ್ರವನ್ನು ಪರಿಶೀಲಿಸುವುದು.

(2) ಆಸ್ತಿಗೆ ಇ-ಖಾತಾ ಇರುವುದನ್ನು ಖಚಿತಪಡಿಸಿಕೊಳ್ಳುವುದು. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯಗೊಳಿಸಲಾಯಿತು.

(3) ಸಹಾಯಧನದ ಅರ್ಜಿಯನ್ನು ನಗರ ಸ್ಥಳೀಯ ಸಂಸ್ಥೆ, ಬ್ಯಾಂಕು ಅಥವಾ ಅಧಿಕೃತ ಜಾಲತಾಣದ ಮೂಲಕವೇ ಸಲ್ಲಿಸುವುದು.

(4) ಕುಟುಂಬದ ಮಹಿಳೆಯ ಹೆಸರಿನಲ್ಲಿ ಅಥವಾ ಜಂಟಿ ಹೆಸರಿನಲ್ಲಿ ಮನೆಯನ್ನು ನೋಂದಾಯಿಸುವುದು. ಇದರಿಂದ ಕುಟುಂಬಕ್ಕೆ ಭದ್ರತೆ ದೊರೆಯುತ್ತದೆ.

(5) ಹಂಚಿಕೆ ಪತ್ರ, ಕರಾರು ಪತ್ರ, ಸ್ವಾಧೀನ ಪತ್ರ ಹಾಗೂ ಎಲ್ಲ ರಸೀದಿಗಳನ್ನು ಒಂದೇ ಕಡತದಲ್ಲಿ ಇಟ್ಟು, ಅದು ಎಲ್ಲಿದೆ ಎಂಬುದನ್ನು ಮನೆಯ ಇತರ ಸದಸ್ಯರಿಗೂ ತಿಳಿಸುವುದು.

(6) ಕರಾರಿನ ಅವಧಿ ಮುಗಿಯುವ ದಿನಾಂಕವನ್ನು ಗುರುತು ಹಾಕಿಕೊಂಡು, ಅವಧಿ ಮುಗಿದ ಕೂಡಲೇ ಶುದ್ಧ ಕ್ರಯಪತ್ರಕ್ಕೆ ಅರ್ಜಿ ಸಲ್ಲಿಸುವುದು.

(7) ಕ್ರಯಪತ್ರ ನೋಂದಣಿಯಾದ ನಂತರ ಖಾತೆ ಬದಲಾವಣೆ ಮಾಡಿಸಿಕೊಳ್ಳುವುದು ಹಾಗೂ ಬ್ಯಾಂಕಿನ ಸಾಲ ತೀರಿದಾಗ ಮೂಲ ದಾಖಲೆಗಳನ್ನು ಮರಳಿ ಪಡೆದು, ಅಡಮಾನ ಬಿಡುಗಡೆಯಾಗಿರುವುದನ್ನು ಋಣಭಾರ ಪತ್ರದಲ್ಲಿ ಖಚಿತಪಡಿಸಿಕೊಳ್ಳುವುದು.

10. ಮುಕ್ತಾಯ

ಮುಂಗಡಕ್ಕೆ, ಕಂತಿಗೆ ಹಾಗೂ ಶುಲ್ಕಕ್ಕೆ ಸರ್ಕಾರದ ವಿವಿಧ ಯೋಜನೆಗಳಿಂದ ನೆರವು ದೊರೆಯಬಹುದು. ಆದರೆ ಕ್ರಯಪತ್ರಕ್ಕೆ ಅರ್ಜಿ ಹಾಕುವ ಕೆಲಸವನ್ನು ಕುಟುಂಬವೇ ಮಾಡಬೇಕು. ಕರಾರಿನ ಅವಧಿ ಈಗಾಗಲೇ ಮುಗಿದಿದ್ದರೂ ಕ್ರಯಪತ್ರ ಪಡೆಯದಿರುವ ಹಂಚಿಕೆದಾರರು ಹಾಗೂ ಅವರ ವಾರಸುದಾರರು ಇನ್ನೂ ವಿಳಂಬ ಮಾಡದೆ, ಲಭ್ಯವಿರುವ ದಾಖಲೆಗಳೊಂದಿಗೆ ತಮಗೆ ಹಂಚಿಕೆ ಮಾಡಿದ ಸಂಸ್ಥೆಯ ಕಛೇರಿಯನ್ನು ಸಂಪರ್ಕಿಸತಕ್ಕದ್ದು. ಶುಲ್ಕ, ಆದಾಯ ಮಿತಿ ಹಾಗೂ ಸಹಾಯಧನದ ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಆದೇಶಗಳನ್ನು ಸಂಬಂಧಪಟ್ಟ ಕಛೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಲು ಕೋರಲಾಗಿದೆ.